ಗ್ರಾಮ ಪಂಚಾಯಿತಿ ಕಚೇರಿಗೆ ದೊಡ್ಡ ಮಾನಿಟರ್ ಆಯ್ಕೆ: ಬೆಲೆ, ಅಂದ ಮತ್ತು ಉಪಯೋಗ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ರಸ್ತೆ, ಚರಂಡಿ, ಕುಡಿಯುವ ನೀರಿನ ವಿಷಯಗಳು ಬಂದಾಗ ಸದಸ್ಯರು ಗಂಟೆಗಟ್ಟಲೆ ಚರ್ಚಿಸುತ್ತಾರೆ. ಕಂಪ್ಯೂಟರ್ ಸಾಮಗ್ರಿಯ ಖರೀದಿಯಾದರೋ 'ಇತರೆ ವಿಷಯಗಳು' ಎಂಬ ಶೀರ್ಷಿಕೆಯಡಿ ಬಂದು, ಎರಡು ನಿಮಿಷಗಳಲ್ಲಿ ಅನುಮೋದನೆಗೊಂಡು ಮುಗಿದುಹೋಗುತ್ತದೆ. ಅದು ತಂತ್ರಜ್ಞಾನದ ವಿಷಯ, ಬಲ್ಲವರು ನೋಡಿಕೊಳ್ಳಲಿ ಎಂಬ ಭಾವನೆ ಇದಕ್ಕೆ ಕಾರಣ. ಆದರೆ ಇಂದು ಆಸ್ತಿಯ ನಮೂನೆ, ತೆರಿಗೆ ರಸೀದಿ, ಉದ್ಯೋಗ ಖಾತರಿಯ ಕೂಲಿ ಪಟ್ಟಿ, ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿ ಇವೆಲ್ಲವೂ ಜನರ ಕೈಗೆ ಸೇರುವ ಮುನ್ನ ಒಂದು ಪರದೆಯ ಮೇಲೆ ಮೂಡುತ್ತವೆ. ಆ ಪರದೆಯನ್ನು ಆರಿಸುವ ಹೊಣೆ ಸಭೆಯದ್ದೇ ಆಗಿದೆ. ಅದಕ್ಕೆ ಬೇಕಾದ ತಿಳಿವಳಿಕೆಯೂ ಕಷ್ಟದ್ದಲ್ಲ.

ಒಂದು ಸಭೆ, ಮೂರು ದರಪಟ್ಟಿ

ಒಂದು ಗ್ರಾಮ ಪಂಚಾಯಿತಿಯ ಸಭೆ ನಡೆಯುತ್ತಿದೆ ಎಂದು ಭಾವಿಸಿ. ಕಚೇರಿಯ ಹಳೆಯ ಮಾನಿಟರ್ ಮಂಕಾಗಿದೆ. ಹೊಸದನ್ನು ಕೊಳ್ಳಲು ಮೂರು ದರಪಟ್ಟಿಗಳು ಬಂದಿವೆ. ಮೊದಲನೆಯದು 34 ಇಂಚಿನ, ಬಾಗಿದ ಪರದೆಯ, ಅತಿ ಅಗಲದ ಮಾನಿಟರ್, 35,000 ರೂಪಾಯಿ. ಎರಡನೆಯದು 32 ಇಂಚಿನ, ಫುಲ್ ಎಚ್‌ಡಿ ಚಪ್ಪಟೆ ಪರದೆ, 18,000 ರೂಪಾಯಿ. ಮೂರನೆಯದು 27 ಇಂಚಿನ, ಕ್ವಾಡ್ ಎಚ್‌ಡಿ ಪರದೆ, 20,000 ರೂಪಾಯಿ. ಈ ಬೆಲೆಗಳು ಲೆಕ್ಕವನ್ನು ತಿಳಿಯಲು ಇಟ್ಟುಕೊಂಡ ಅಂಕಿಗಳೇ ಹೊರತು ಇಂದಿನ ಮಾರುಕಟ್ಟೆ ದರಗಳಲ್ಲ.

ಬಣ್ಣದ ಚಿತ್ರಗಳುಳ್ಳ ಹಾಳೆ ಕೈಯಿಂದ ಕೈಗೆ ಸಾಗುತ್ತದೆ. ಯುವ ಸದಸ್ಯರೊಬ್ಬರು, "ಅಧ್ಯಕ್ಷರೇ, ಬಾಗಿದ ಪರದೆಯನ್ನೇ ತರಿಸೋಣ. ಕಚೇರಿಗೊಂದು ಕಳೆ ಬರುತ್ತದೆ" ಎನ್ನುತ್ತಾರೆ. ಇನ್ನೊಬ್ಬರು, "ಇದು ಜನರ ತೆರಿಗೆಯ ಹಣ. ಇಂಚಿಗೆ ಎಷ್ಟು ಬೀಳುತ್ತದೆ ನೋಡಿ. 34 ಇಂಚಿನದು ಇಂಚಿಗೆ ಸಾವಿರ ರೂಪಾಯಿ ದಾಟುತ್ತದೆ, 32 ಇಂಚಿನದು ಆರುನೂರು ರೂಪಾಯಿಯೂ ಆಗುವುದಿಲ್ಲ" ಎಂದು ಲೆಕ್ಕ ಮುಂದಿಡುತ್ತಾರೆ. ಆಗ ಹಿರಿಯ ಸದಸ್ಯೆಯೊಬ್ಬರು ಕೇಳುತ್ತಾರೆ: "ಅಧ್ಯಕ್ಷರೇ, ಖಾತೆ ಮಾಡಿಸಲು ಬಂದವರು ಮೇಜಿನ ಈಚೆ ನಿಂತಿರುತ್ತಾರೆ. ಅವರಿಗೆ ಕಾಣುವುದು ಪರದೆಯ ಬೆನ್ನು ಮಾತ್ರ. ಆ ಬೆನ್ನು ಬಾಗಿದ್ದರೇನು, ನೆಟ್ಟಗಿದ್ದರೇನು?"

ಮೂರು ಮಾತುಗಳಲ್ಲಿ ಅಂದ, ಬೆಲೆ, ಉಪಯೋಗ ಮೂರೂ ಬಂದವು. ಇವುಗಳನ್ನು ಒಂದೊಂದಾಗಿ ಪರಿಶೀಲಿಸಬಹುದು.

ಇಂಚು ಎಂದರೆ ಯಾವ ಅಳತೆ?

ಮಾನಿಟರಿನ ಇಂಚು ಅಗಲವೂ ಅಲ್ಲ, ಎತ್ತರವೂ ಅಲ್ಲ. ಅದು ಪರದೆಯ ಒಂದು ಮೂಲೆಯಿಂದ ಎದುರು ಮೂಲೆಗೆ ಇರುವ ಓರೆ ಅಳತೆ. ನಿವೇಶನದ ಮೂಲೆಯಿಂದ ಮೂಲೆಗೆ ಹಗ್ಗ ಹಿಡಿದರೆ ಅದರ ವಿಸ್ತೀರ್ಣ ತಿಳಿಯುವುದಿಲ್ಲ. ಕಿರಿದಾಗಿ ಉದ್ದಕ್ಕೆ ಚಾಚಿದ ನಿವೇಶನದಲ್ಲಿ ಹಗ್ಗ ಉದ್ದವಾಗಿಯೇ ಬರುತ್ತದೆ, ಆದರೆ ಜಾಗ ಕಡಿಮೆ ಇರುತ್ತದೆ. ಪರದೆಯ ವಿಷಯವೂ ಹಾಗೆಯೇ.

ಸಾಮಾನ್ಯ ಮಾನಿಟರುಗಳ ಅಗಲ ಮತ್ತು ಎತ್ತರ 16ಕ್ಕೆ 9ರ ಪ್ರಮಾಣದಲ್ಲಿರುತ್ತವೆ. ಅದರಂತೆ 32 ಇಂಚಿನ ಪರದೆಯ ಅಗಲ ಸುಮಾರು 27.9 ಇಂಚು, ಎತ್ತರ 15.7 ಇಂಚು, ವಿಸ್ತೀರ್ಣ ಸುಮಾರು 437 ಚದರ ಇಂಚು. ಅತಿ ಅಗಲದ 34 ಇಂಚಿನ ಪರದೆಯ ಅಗಲ ಸುಮಾರು 31.4 ಇಂಚು, ಎತ್ತರ 13.1 ಇಂಚು, ವಿಸ್ತೀರ್ಣ ಸುಮಾರು 412 ಚದರ ಇಂಚು. ಹೆಸರಿನಲ್ಲಿ ದೊಡ್ಡದಾದದ್ದು ವಿಸ್ತೀರ್ಣದಲ್ಲಿ ಚಿಕ್ಕದಾಗಿದೆ. ಅದರ ಎತ್ತರವಂತೂ 27 ಇಂಚಿನ ಸಾಮಾನ್ಯ ಮಾನಿಟರಿನಷ್ಟೇ ಇದೆ.

ಕಚೇರಿಯ ಕೆಲಸಕ್ಕೆ ಎತ್ತರವೇ ಮುಖ್ಯ. ಪಂಚಾಯಿತಿಯ ಬಹುಪಾಲು ದಾಖಲೆಗಳು ಎ4 ಹಾಳೆಯಲ್ಲಿ ನೆಟ್ಟಗೆ ಮುದ್ರಣವಾಗುತ್ತವೆ. ಎ4 ಹಾಳೆಯ ಎತ್ತರ 297 ಮಿಲಿಮೀಟರ್, ಅಂದರೆ 11.7 ಇಂಚು. 24 ಇಂಚಿನ ಪರದೆಯ ಎತ್ತರ ಸರಿಸುಮಾರು ಅಷ್ಟೇ ಇರುತ್ತದೆ. 27 ಇಂಚಿನದರಲ್ಲಿ 13.2 ಇಂಚು ಸಿಗುವುದರಿಂದ, ಮೇಲಿನ ಕೆಳಗಿನ ಪಟ್ಟಿಗಳಿಗೆ ಜಾಗ ಹೋದರೂ ಒಂದು ಹಾಳೆ ಹೆಚ್ಚುಕಡಿಮೆ ನಿಜ ಗಾತ್ರದಲ್ಲೇ ಪೂರ್ತಿ ಕಾಣುತ್ತದೆ. 34 ಇಂಚಿನದರಲ್ಲಿಯೂ ಅಷ್ಟೇ ಕಾಣುತ್ತದೆ. ಉಳಿದ ಅಗಲ ಖಾಲಿಯಾಗಿರುತ್ತದೆ. ಹಲವು ಕಾಲಂಗಳ ಲೆಕ್ಕಪತ್ರ ನೋಡುವವರಿಗೆ ಅಥವಾ ಎರಡು ಕಡತಗಳನ್ನು ಅಕ್ಕಪಕ್ಕ ತೆರೆದು ತಾಳೆ ನೋಡುವವರಿಗೆ ಆ ಅಗಲ ನಿಜವಾಗಿ ಉಪಕರಿಸುತ್ತದೆ. ನಮೂನೆ ಮುದ್ರಿಸಿ ಕೊಡುವ ಮೇಜಿಗೆ ಅದರ ಅಗತ್ಯವಿಲ್ಲ.

ಚುಕ್ಕಿಗಳು ಮತ್ತು ಕನ್ನಡದ ಒತ್ತಕ್ಷರ

ಇಂಚಿಗೆ ಇಷ್ಟು ರೂಪಾಯಿ ಎಂಬ ಲೆಕ್ಕದಲ್ಲಿ 32 ಇಂಚಿನ ಫುಲ್ ಎಚ್‌ಡಿ ಪರದೆ ಗೆದ್ದಿತು. ಆದರೆ ಆ ಲೆಕ್ಕದಲ್ಲಿ ಒಂದು ಅಂಶ ಬಿಟ್ಟುಹೋಗಿದೆ. ರಂಗೋಲಿ ಚುಕ್ಕಿಗಳಿಂದ ಮೂಡುವಂತೆ ಪರದೆಯ ಚಿತ್ರವೂ ಚುಕ್ಕಿಗಳಿಂದಲೇ ಮೂಡುತ್ತದೆ. ಫುಲ್ ಎಚ್‌ಡಿ ಎಂದರೆ ಅಡ್ಡಲಾಗಿ 1920, ಉದ್ದಕ್ಕೆ 1080 ಚುಕ್ಕಿಗಳು. ಪರದೆ 24 ಇಂಚಿನದಿರಲಿ, 32 ಇಂಚಿನದಿರಲಿ, ಫುಲ್ ಎಚ್‌ಡಿ ಆದರೆ ಚುಕ್ಕಿಗಳು ಅಷ್ಟೇ. 24 ಇಂಚಿನದರಲ್ಲಿ ಒಂದು ಇಂಚಿಗೆ 92 ಚುಕ್ಕಿಗಳು ಬಂದರೆ, 32 ಇಂಚಿನದರಲ್ಲಿ 69 ಚುಕ್ಕಿಗಳು ಮಾತ್ರ. ಅದೇ ಹಿಟ್ಟನ್ನು ದೊಡ್ಡ ಕಾವಲಿಯ ಮೇಲೆ ಹರಡಿದಂತೆ. ದೋಸೆ ದೊಡ್ಡದಾಗುತ್ತದೆ, ಆದರೆ ತೆಳುವಾಗುತ್ತದೆ. ಅಕ್ಷರದ ಗಾತ್ರ ಹೆಚ್ಚಿದರೂ ಸ್ಪಷ್ಟತೆ ಹೆಚ್ಚುವುದಿಲ್ಲ.

ಇಂಗ್ಲಿಷ್ ಅಕ್ಷರಗಳಿಗಿಂತ ಕನ್ನಡ ಅಕ್ಷರಗಳಿಗೆ ಈ ಕೊರತೆ ಹೆಚ್ಚು ತಟ್ಟುತ್ತದೆ. ಕನ್ನಡದಲ್ಲಿ ಅಕ್ಷರದ ಕೆಳಗೆ ಒತ್ತು ಬರುತ್ತದೆ, ಮೇಲೆ ಗುಡಿಸು ಬರುತ್ತದೆ, ಪಕ್ಕದಲ್ಲಿ ದೀರ್ಘ ಬರುತ್ತದೆ. ಅಲ್ಪಪ್ರಾಣಕ್ಕೂ ಮಹಾಪ್ರಾಣಕ್ಕೂ ಒಂದು ಸಣ್ಣ ಸೀಳಿನ ವ್ಯತ್ಯಾಸ. 'ಸಿದ್ದಪ್ಪ' ಮತ್ತು 'ಸಿದ್ಧಪ್ಪ' ಎಂಬ ಎರಡು ಹೆಸರುಗಳ ನಡುವಿನ ಅಂತರ ಒತ್ತಕ್ಷರದ ಹೊಟ್ಟೆಯ ಕೆಳಗಿನ ಒಂದು ಗೆರೆ ಮಾತ್ರ. ಚುಕ್ಕಿಗಳು ವಿರಳವಾದಲ್ಲಿ ಆ ಗೆರೆ ಒತ್ತಕ್ಷರದೊಳಗೆ ಕರಗಿಹೋಗುತ್ತದೆ. 'ಚನ್ನಮ್ಮ' ಮತ್ತು 'ಚೆನ್ನಮ್ಮ' ಎಂಬಲ್ಲಿಯೂ ತಲೆಯ ಮೇಲಿನ ಒಂದು ಬಾಗು ಮಾತ್ರ ವ್ಯತ್ಯಾಸ.

ಈ ಗೆರೆ ತಪ್ಪಿದರೆ ಆಗುವುದೇನು? ಇ-ಸ್ವತ್ತು ತಂತ್ರಾಂಶದಲ್ಲಿ ಆಸ್ತಿಯ ನಮೂನೆ ಸಿದ್ಧವಾಗುವಾಗ ಮಾಲೀಕರ ಹೆಸರಿನಲ್ಲಿ ಒಂದು ಒತ್ತು ತಪ್ಪಾಯಿತು ಎನ್ನಿ. ಡಿಜಿಟಲ್ ಸಹಿಯಾಗಿ ನಮೂನೆ ಹೊರಬಂದ ಮೇಲೆ ಆ ವ್ಯಕ್ತಿ ಮನೆ ಸಾಲಕ್ಕೆಂದು ಬ್ಯಾಂಕಿಗೆ ಹೋಗುತ್ತಾರೆ. ಗುರುತಿನ ಚೀಟಿಯ ಹೆಸರಿಗೂ ನಮೂನೆಯ ಹೆಸರಿಗೂ ತಾಳೆಯಾಗುವುದಿಲ್ಲ. ಪುನಃ ಅರ್ಜಿ, ಪುನಃ ದಾಖಲೆ, ಪುನಃ ಅಲೆದಾಟ. ಕೂಲಿ ಬಿಟ್ಟು ಕಚೇರಿಗೆ ಬಂದ ಆ ಒಂದೊಂದು ದಿನದ ಬೆಲೆ ಯಾವ ದರಪಟ್ಟಿಯಲ್ಲಿಯೂ ನಮೂದಾಗಿರುವುದಿಲ್ಲ.

27 ಇಂಚಿನ ಕ್ವಾಡ್ ಎಚ್‌ಡಿ ಪರದೆಯಲ್ಲಿ 2560ಕ್ಕೆ 1440 ಚುಕ್ಕಿಗಳಿದ್ದು, ಇಂಚಿಗೆ ಸುಮಾರು 109 ಚುಕ್ಕಿಗಳು ಸಿಗುತ್ತವೆ. ಅಕ್ಷರವನ್ನು ತುಸು ಹಿಗ್ಗಿಸಿಕೊಂಡರೆ ಒತ್ತು ಸೀಳುಗಳು ಕಣ್ಣಿಗೆ ನಿಚ್ಚಳವಾಗಿ ಕಾಣುತ್ತವೆ. 32 ಇಂಚನ್ನೇ ಕೊಳ್ಳುವುದಾದರೆ ಅದು ಕ್ವಾಡ್ ಎಚ್‌ಡಿ ಅಥವಾ 4ಕೆ ಆಗಿರುವುದು ಲೇಸು. ಆದರೆ 4ಕೆ ಪರದೆಗೆ ತಕ್ಕ ಕಂಪ್ಯೂಟರ್ ಬೇಕು. ಹಳೆಯ ಕಂಪ್ಯೂಟರಿನಲ್ಲಿ ಎಚ್‌ಡಿಎಂಐ 1.4 ಪೋರ್ಟ್ ಮಾತ್ರ ಇದ್ದರೆ 4ಕೆ ಚಿತ್ರ ಸೆಕೆಂಡಿಗೆ 30 ಬಾರಿಯಷ್ಟೇ ಬದಲಾಗುತ್ತದೆ. ಮೌಸ್ ಓಡಾಟ ಕುಂಟುತ್ತದೆ. ಹಳೆಯ ಗಾಡಿಗೆ ಹೊಸ ಎತ್ತು ಕಟ್ಟುವ ಮುನ್ನ ನೊಗ ಹೊಂದುತ್ತದೆಯೇ ಎಂದು ನೋಡಬೇಕು.

ಇಲ್ಲೊಂದು ಖರ್ಚಿಲ್ಲದ ಪರಿಹಾರವೂ ಇದೆ. ಸದ್ಯದ ಪರದೆ ಯಾವುದೇ ಇರಲಿ, ಮುದ್ರಣಕ್ಕೆ ಮುನ್ನ ಹೆಸರು, ಅಳತೆ ಮತ್ತು ಚಕ್ಕುಬಂದಿಯ ಭಾಗವನ್ನು ಎರಡು ಪಟ್ಟು ಹಿಗ್ಗಿಸಿ ನೋಡುವ ಅಭ್ಯಾಸವನ್ನು ಸಿಬ್ಬಂದಿ ಇಂದಿನಿಂದಲೇ ರೂಢಿಸಿಕೊಳ್ಳಬಹುದು.

ಅಂದದ ಮಾತು

ಅಂದವನ್ನು ತಳ್ಳಿಹಾಕಬೇಕಾಗಿಲ್ಲ. ಕಚೇರಿ ಚೊಕ್ಕಟವಾಗಿ ಕಂಡರೆ ಬಂದವರಿಗೂ ಕೆಲಸ ಮಾಡುವವರಿಗೂ ಹಿತವೇ. ಆದರೆ ಯಾವ ಅಂದ ಕೆಲಸಕ್ಕೆ ಬರುತ್ತದೆ, ಯಾವುದು ಅಂಗಡಿಯ ಬೆಳಕಿಗೆ ಮಾತ್ರ ಎಂಬುದನ್ನು ವಿಂಗಡಿಸಬೇಕು.

ಬಾಗಿದ ಪರದೆಯ ಉದ್ದೇಶ ಒಂದೇ. ನಡುವೆ ಕುಳಿತ ಒಬ್ಬ ವ್ಯಕ್ತಿಯ ಕಣ್ಣಿಗೆ ಪರದೆಯ ನಡುಭಾಗವೂ ಎರಡೂ ಅಂಚುಗಳೂ ಹೆಚ್ಚುಕಡಿಮೆ ಸಮದೂರದಲ್ಲಿರಬೇಕು. ಪಕ್ಕದಲ್ಲಿ ನಿಂತು ನೋಡುವವರಿಗೆ ಹತ್ತಿರದ ಅಂಚು ಓರೆಯಾಗಿ ಮುಚ್ಚಿಕೊಳ್ಳುತ್ತದೆ. ಒಬ್ಬರೇ ಕುಳಿತು ಮಾಡುವ ಕೆಲಸಕ್ಕೆ ಅದು ಸರಿ. ಪಂಚಾಯಿತಿಯ ಪರದೆಯನ್ನು ಸಾಮಾನ್ಯವಾಗಿ ಇಬ್ಬರು ಮೂವರು ಸೇರಿ ನೋಡುತ್ತಾರೆ. ಅಲ್ಲಿ ಚಪ್ಪಟೆ ಪರದೆಯೇ ಸೂಕ್ತ. ಐಪಿಎಸ್ ಎಂಬ ಬಗೆಯ ಪರದೆಯನ್ನು ಓರೆಯಿಂದ ನೋಡಿದರೂ ಬಣ್ಣ, ಅಕ್ಷರ ಹೆಚ್ಚು ಮಾಸುವುದಿಲ್ಲ. ಟಿಎನ್ ಎಂಬ ಅಗ್ಗದ ಬಗೆಯಲ್ಲಿ ತಲೆ ತುಸು ಸರಿಸಿದರೂ ಚಿತ್ರ ಮಂಕಾಗುತ್ತದೆ.

ಕನ್ನಡಿಯಂತೆ ಹೊಳೆಯುವ ಪರದೆ ಅಂಗಡಿಯಲ್ಲಿ ಮನ ಸೆಳೆಯುತ್ತದೆ. ಕಚೇರಿಯಲ್ಲಿ ಕಿಟಕಿಯ ಬೆಳಕು ಅದರ ಮೇಲೆ ಬಿದ್ದಾಗ ದಾಖಲೆಯ ಬದಲು ನೋಡುವವರ ಮುಖವೇ ಕಾಣುತ್ತದೆ. ಹೊಳಪಿಲ್ಲದ ಪರದೆಯೇ ಕಚೇರಿಗೆ ತಕ್ಕದ್ದು. ತೆಳುವಾದ ಅಂಚು ನೋಡಲು ಚೆಂದ, ಆದರೆ ಎತ್ತರ ತಗ್ಗಿಸುವ, ಏರಿಸುವ, ತಿರುಗಿಸುವ ಸೌಲಭ್ಯವುಳ್ಳ ಕಾಲು ಅದಕ್ಕಿಂತ ಹೆಚ್ಚು ಬೆಲೆಬಾಳುತ್ತದೆ. ಪರದೆಯ ಮೇಲಂಚು ಕುಳಿತವರ ಕಣ್ಣಿನ ಮಟ್ಟಕ್ಕೆ ಬಂದರೆ ದಿನವಿಡೀ ದುಡಿಯುವ ಕಂಪ್ಯೂಟರ್ ನಿರ್ವಾಹಕರ ಕುತ್ತಿಗೆ ನೋವು ಎಷ್ಟೋ ಕಡಿಮೆಯಾಗುತ್ತದೆ.

ಬೆಲೆಯ ಲೆಕ್ಕ

ಬೆಲೆಯನ್ನು ಹೋಲಿಸುವಾಗ ತೆರಿಗೆಯನ್ನು ಪ್ರತ್ಯೇಕವಾಗಿ ನಮೂದಿಸಿದ ದರಪಟ್ಟಿಯನ್ನೇ ಪಡೆಯಬೇಕು. ಹಿಂದೆ 32 ಇಂಚಿಗಿಂತ ದೊಡ್ಡ ಮಾನಿಟರಿಗೆ ಸರಕು ಮತ್ತು ಸೇವಾ ತೆರಿಗೆ ಶೇ 28 ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 18ಕ್ಕೆ ಇಳಿದಿದೆ. ಹಳೆಯ ದರಪಟ್ಟಿಯನ್ನು ಇಟ್ಟುಕೊಂಡು ಅಂದಾಜು ತಯಾರಿಸಿದ್ದರೆ ಅದನ್ನು ಪರಿಷ್ಕರಿಸುವುದು ಅಗತ್ಯ.

ಕೊಂಡ ದಿನದ ಬೆಲೆಯೊಂದೇ ಬೆಲೆಯಲ್ಲ. ಪ್ರತಿ 10 ವ್ಯಾಟ್ ಹೆಚ್ಚುವರಿ ವಿದ್ಯುತ್ತು ದಿನಕ್ಕೆ 8 ಗಂಟೆಯಂತೆ 300 ದಿನಗಳಿಗೆ 24 ಯೂನಿಟ್ ಆಗುತ್ತದೆ. ವಿದ್ಯುತ್ತು ಹೋದಾಗ ಯುಪಿಎಸ್ ಎಷ್ಟು ಹೊತ್ತು ತಾಳುತ್ತದೆ ಎಂಬುದೂ ಇದನ್ನೇ ಅವಲಂಬಿಸಿದೆ. ವೋಲ್ಟೇಜ್ ಏರಿಳಿತವಿರುವ ಊರುಗಳಲ್ಲಿ ಹೊರಗಿನ ಅಡಾಪ್ಟರ್ ಇರುವ ಮಾನಿಟರ್ ಅನುಕೂಲಕರ. ಅಡಾಪ್ಟರ್ ಸುಟ್ಟರೆ ಅದನ್ನಷ್ಟೇ ಬದಲಿಸಿದರೆ ಸಾಕು. ಮೂರು ವರ್ಷದ ಖಾತರಿ ಇದೆ ಎಂದಾಗ, ದುರಸ್ತಿಗೆ ಅವರೇ ಕಚೇರಿಗೆ ಬರುತ್ತಾರೆಯೇ, ಅಥವಾ ಪಂಚಾಯಿತಿಯವರೇ ಪೆಟ್ಟಿಗೆ ಹೊತ್ತು ಜಿಲ್ಲಾ ಕೇಂದ್ರಕ್ಕೆ ಹೋಗಬೇಕೇ ಎಂದು ಕೇಳುವುದು ಸದಸ್ಯರ ಕರ್ತವ್ಯ.

ಎರಡನೆಯ ಪರದೆ

ಈಗ ಹಿರಿಯ ಸದಸ್ಯೆಯವರ ಪ್ರಶ್ನೆಗೆ ಮರಳಬಹುದು. ಹೆಸರಿನಲ್ಲಿ ಒತ್ತು ತಪ್ಪಾಗಿದೆ ಎಂಬುದನ್ನು ಎಲ್ಲರಿಗಿಂತ ಮೊದಲು ಗುರುತಿಸಬಲ್ಲವರು ಆ ಹೆಸರಿನವರೇ. ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾವ ಓಣಿ ಎಂಬುದನ್ನು ಬಲ್ಲವರೂ ಅವರೇ. ಓದು ಬಾರದವರಾದರೆ ಜೊತೆಗೆ ಮಗಳೋ ಮೊಮ್ಮಗನೋ ಬಂದಿರುತ್ತಾರೆ. ಅವರ ಕಣ್ಣಿಗೆ ದಾಖಲೆ ಬೀಳುವುದು ಮುದ್ರಣವಾದ ಮೇಲೆ. ಅದು ತಡವಾಯಿತು.

34 ಇಂಚಿನ ಒಂದು ಪರದೆಗೆ 35,000 ರೂಪಾಯಿ ಎಂದಿಟ್ಟುಕೊಂಡೆವು. ಅದರ ಬದಲು 27 ಇಂಚಿನ ಕ್ವಾಡ್ ಎಚ್‌ಡಿ ಪರದೆ 20,000 ರೂಪಾಯಿಗೆ ನಿರ್ವಾಹಕರ ಮುಂದೆ, 24 ಇಂಚಿನ ಫುಲ್ ಎಚ್‌ಡಿ ಪರದೆ 10,000 ರೂಪಾಯಿಗೆ ಅರ್ಜಿದಾರರ ಕಡೆ ಮುಖಮಾಡಿ ಇಡಬಹುದು. ಒಟ್ಟು 30,000 ರೂಪಾಯಿ. ಎರಡೂ ಸೇರಿ ಸುಮಾರು 557 ಚದರ ಇಂಚು. ಹಣ ಕಡಿಮೆ, ಜಾಗ ಹೆಚ್ಚು. ಎಲ್ಲಕ್ಕಿಂತ ಮುಖ್ಯವಾಗಿ, ಸಹಿ ಬೀಳುವ ಮುನ್ನ ಜನ ತಮ್ಮ ದಾಖಲೆಯನ್ನು ತಾವೇ ಓದಿ ನೋಡುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಎರಡನೆಯ ಪರದೆಯಲ್ಲಿ ಮೊದಲನೆಯದರ ಪ್ರತಿಬಿಂಬವೇ ಕಾಣುವಂತೆ ಇಡಬಾರದು. ಹಾಗೆ ಮಾಡಿದರೆ ಇನ್ನೊಬ್ಬರ ಆಧಾರ್ ಸಂಖ್ಯೆ, ದೂರವಾಣಿ ಸಂಖ್ಯೆ ಸಾಲಿನಲ್ಲಿ ನಿಂತವರೆಲ್ಲರಿಗೂ ಕಾಣುತ್ತದೆ. ಪರದೆಯನ್ನು ವಿಸ್ತರಿಸುವ ವಿಧಾನವನ್ನು ಆಯ್ದು, ಆಯಾ ಅರ್ಜಿದಾರರ ಪುಟವನ್ನಷ್ಟೇ ಎರಡನೆಯ ಪರದೆಗೆ ಸರಿಸಬೇಕು. ವಿಂಡೋಸ್ ಕಂಪ್ಯೂಟರಿನಲ್ಲಿ ವಿಂಡೋಸ್ ಗುರುತಿನ ಕೀಲಿಯೊಂದಿಗೆ 'ಪಿ' ಒತ್ತಿದರೆ ಈ ಆಯ್ಕೆ ತೆರೆಯುತ್ತದೆ. ಕಂಪ್ಯೂಟರಿನ ಹಿಂಭಾಗದಲ್ಲಿ ಎರಡು ಮಾನಿಟರಿಗೆ ಸಾಕಾಗುವಷ್ಟು ಪೋರ್ಟುಗಳಿವೆಯೇ ಎಂಬುದನ್ನು ಖರೀದಿಗೆ ಮೊದಲೇ ನೋಡಿಕೊಳ್ಳಬೇಕು. ಆ ಪರದೆಯ ಮುಂದೊಂದು ಕುರ್ಚಿಯೂ ಇರಲಿ. ವೃದ್ಧರು ನಿಂತು ಓದಲಾರರು.

ಸಭಾಂಗಣದ ಪರದೆ ಬೇರೆ

ಸಭಾಂಗಣದ ಗೋಡೆಗೆ ತೂಗುಹಾಕುವ ಪರದೆಯ ಲೆಕ್ಕ ಬೇರೆ. ಓದುವ ದೂರವನ್ನು 200ರಿಂದ ಭಾಗಿಸಿದರೆ ಬರುವಷ್ಟು ಎತ್ತರ ಅಕ್ಷರಕ್ಕೆ ಕನಿಷ್ಠ ಬೇಕು. ಕೊನೆಯ ಸಾಲು 5 ಮೀಟರ್ ದೂರದಲ್ಲಿದ್ದರೆ ಅಕ್ಷರ 25 ಮಿಲಿಮೀಟರ್, ಅಂದರೆ ಸುಮಾರು ಒಂದು ಇಂಚು ಎತ್ತರವಿರಬೇಕು. ಒತ್ತು ಮತ್ತು ಸಾಲುಗಳ ನಡುವಿನ ಅಂತರಕ್ಕೆ ಅಷ್ಟೇ ಜಾಗ ಬಿಟ್ಟರೆ, 32 ಇಂಚಿನ ಪರದೆಯಲ್ಲಿ ಹೆಚ್ಚೆಂದರೆ 8 ಸಾಲು, 55 ಇಂಚಿನದರಲ್ಲಿ ಸುಮಾರು 13 ಸಾಲು ಓದಲು ಸಿಗುತ್ತವೆ. ಜಮಾ ಖರ್ಚಿನ ಪಟ್ಟಿಯನ್ನು ಸಭೆಗೆ ತೋರಿಸಬೇಕಾದರೆ ಇದನ್ನು ನೆನಪಿನಲ್ಲಿಟ್ಟು ಪರದೆ ಆರಿಸಬೇಕು. ಅಲ್ಲಿ ಟಿವಿಯೂ ನಡೆದೀತು. ಹತ್ತಿರ ಕುಳಿತು ದಿನವಿಡೀ ಸಣ್ಣ ಅಕ್ಷರ ಓದುವ ಮೇಜಿಗೆ ಮಾನಿಟರೇ ಸರಿ.

ಖರೀದಿಗೆ ಮುನ್ನ

ಅಂಗಡಿಯಲ್ಲಿ ತೋರಿಸುವ ಕಾಡು, ಜಲಪಾತ, ಹಕ್ಕಿಯ ಚಿತ್ರಗಳನ್ನು ನೋಡಿ ಯಾವ ಪರದೆಯನ್ನೂ ಅಳೆಯಲಾಗದು. ಮಾದರಿಗಾಗಿ ಹೆಸರುಗಳನ್ನು ಬದಲಿಸಿದ ಒಂದು ಆಸ್ತಿ ನಮೂನೆ, ಸಣ್ಣ ಅಕ್ಷರದ ಒಂದು ಕನ್ನಡ ಸುತ್ತೋಲೆ ಇವೆರಡನ್ನು ಪೆನ್ ಡ್ರೈವಿನಲ್ಲಿ ಕೊಂಡೊಯ್ದು ತೆರೆಸಿ ನೋಡಬೇಕು. ಎದುರಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ, ಅರ್ಜಿದಾರರು ನಿಲ್ಲುವಷ್ಟು ದೂರದಿಂದ ಒಮ್ಮೆ ಓದಬೇಕು. ಕನ್ನಡಕ ಧರಿಸುವ ಸದಸ್ಯರೊಬ್ಬರು ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಖರೀದಿಯು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಮತ್ತು ಅದರ ನಿಯಮಗಳಿಗೆ ಅನುಸಾರವಾಗಿಯೇ ನಡೆಯತಕ್ಕದ್ದು. ಸಭೆಯ ನಡವಳಿಯಲ್ಲಿ ಕಂಪನಿಯ ಹೆಸರಿನ ಬದಲು ಈ ಅಂಶಗಳನ್ನು ನಮೂದಿಸುವುದು ಸೂಕ್ತ:

1. ಪರದೆಯನ್ನು ಯಾರು, ಎಲ್ಲಿ ಕುಳಿತು ಅಥವಾ ನಿಂತು, ಯಾವ ಕೆಲಸಕ್ಕೆ ನೋಡುತ್ತಾರೆ.
2. ಓರೆ ಅಳತೆ, ಅಗಲ ಎತ್ತರಗಳ ಪ್ರಮಾಣ ಮತ್ತು ಚುಕ್ಕಿಗಳ ಸಂಖ್ಯೆ.
3. ಚಪ್ಪಟೆ, ಹೊಳಪಿಲ್ಲದ ಪರದೆ ಹಾಗೂ ಎತ್ತರ ಹೊಂದಿಸಬಲ್ಲ ಕಾಲು.
4. ಕಚೇರಿಯ ಕಂಪ್ಯೂಟರಿಗೆ ಹೊಂದುವ ಪೋರ್ಟ್ ಮತ್ತು ಕೇಬಲ್.
5. ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿ ಗುರುತು ಮತ್ತು ಸಂಖ್ಯೆ.
6. ಕಚೇರಿಗೇ ಬಂದು ದುರಸ್ತಿ ಮಾಡುವ ಖಾತರಿಯ ಅವಧಿ.
7. ತೆರಿಗೆ ಪ್ರತ್ಯೇಕವಾಗಿ ನಮೂದಾದ ಒಟ್ಟು ಬೆಲೆ.

ಹೊಸ ಮಾನಿಟರ್ ಬಂದ ದಿನವೇ ಅದನ್ನು ದಾಸ್ತಾನು ವಹಿಯಲ್ಲಿ ದಾಖಲಿಸಬೇಕು. ಹಳೆಯದನ್ನು ಗುಜರಿಗೆ ಹಾಕದೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣೆ ನಿಯಮಗಳು, 2022ರಂತೆ ನೋಂದಾಯಿತ ಮರುಬಳಕೆದಾರರಿಗೆ ತಲುಪಿಸಬೇಕು. ಇನ್ನೂ ಕೆಲಸ ಮಾಡುತ್ತಿದ್ದರೆ ಅದನ್ನೇ ಅರ್ಜಿದಾರರ ಕಡೆಯ ಎರಡನೆಯ ಪರದೆಯಾಗಿ ಬಳಸಬಹುದೇ ಎಂದು ಮೊದಲು ಪರೀಕ್ಷಿಸಬೇಕು. ಅಕ್ಷರ ಸ್ಪಷ್ಟವಾಗಿ ಕಾಣುವುದಾದರೆ ಹತ್ತು ಸಾವಿರ ರೂಪಾಯಿಯೂ ಉಳಿಯುತ್ತದೆ.

ಸದಸ್ಯ ಬಂಧುಗಳೇ, ಮುಂದಿನ ಸಭೆಯಲ್ಲಿ ಮಾನಿಟರಿನ ದರಪಟ್ಟಿ ಬಂದಾಗ, ಬೆಲೆಯನ್ನೂ ಅಂದವನ್ನೂ ನೋಡುವ ಮೊದಲು ಕಚೇರಿಯಲ್ಲಿ ಅರ್ಜಿದಾರರು ನಿಲ್ಲುವ ಜಾಗದಲ್ಲಿ ಒಂದು ಕ್ಷಣ ನಿಂತು ನೋಡಿ. ಅಲ್ಲಿಂದ ಏನು ಕಾಣುತ್ತದೆ ಎಂಬುದನ್ನು ಸಭೆಯಲ್ಲಿ ಹೇಳಿ, ನಡವಳಿಯಲ್ಲಿ ಬರೆಸಿ. ಆಯ್ಕೆ ಅಲ್ಲಿಂದ ಆರಂಭವಾಗಲಿ.